ಒದ್ದೆ ರಸ್ತೆ, ನಿಂತ ನೀರು, ಚಾಲಕರಿಲ್ಲದ ಕಾರಿನ ಕಣ್ಣು: ಓದುಗರ ಪ್ರಶ್ನೆಗಳಿಗೆ ಉತ್ತರ

ಚಾಲಕರಿಲ್ಲದೆ ಓಡುವ ವಾಹನಗಳು ಕ್ಯಾಮೆರಾ, ರಾಡಾರ್ ಮತ್ತು ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್‌ಗಳ ನೆರವಿನಿಂದ ದಾರಿ ಕಂಡುಕೊಳ್ಳುವ ಬಗೆಯನ್ನು ಕಳೆದ ಸಂಚಿಕೆಯ ಲೇಖನವೊಂದು ವಿವರಿಸಿತ್ತು. ಅದನ್ನು ಓದಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮಳೆಯ ವಿಚಾರವನ್ನೇ ಎತ್ತಿವೆ. ಮಳೆಗಾಲ ಹಿಡಿದರೆ ವಾರಗಟ್ಟಲೆ ರಸ್ತೆ ಒಣಗದ ಊರುಗಳವರು ಹೀಗೆ ಕೇಳುವುದು ಸಹಜ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ನೀರಿಗೆ ಬಣ್ಣವಿಲ್ಲ. ಹಾಗಿರುವಾಗ ರಸ್ತೆ ಒದ್ದೆಯಾಗಿದೆ ಎಂಬುದು ಕ್ಯಾಮೆರಾಕ್ಕೆ ಹೇಗೆ ತಿಳಿಯುತ್ತದೆ?
— ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ಕ್ಯಾಮೆರಾಕ್ಕೆ ಸಿಗುವುದು ನೀರಿನಿಂದ ಬೆಳಕಿಗಾದ ಬದಲಾವಣೆ ಮಾತ್ರ. ಆ ಬದಲಾವಣೆಯಲ್ಲಿ ಎರಡು ಬಗೆ ಇದೆ.

ಮೊದಲನೆಯದು, ರಸ್ತೆ ಕಪ್ಪಾಗುವುದು. ಒಣ ಡಾಂಬರಿನ ಮೇಲೆ ಬಿದ್ದ ಬೆಳಕು ಜಲ್ಲಿಯ ಒರಟು ಮೈಗೆ ತಾಗಿ ಎಲ್ಲ ದಿಕ್ಕಿಗೂ ಚದುರುವುದರಿಂದ ಒಣ ರಸ್ತೆ ಯಾವ ಕಡೆಯಿಂದ ನೋಡಿದರೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣದಲ್ಲಿ ಕಾಣುತ್ತದೆ. ಅದರ ಮೇಲೆ ನೀರಿನ ತೆಳುಪದರ ಹರಡಿದಾಗ, ಜಲ್ಲಿಯಿಂದ ಚದುರಿ ಮೇಲಕ್ಕೆ ಹೊರಟ ಬೆಳಕಿನಲ್ಲಿ ಸುಮಾರು 49 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಸಾಗುವ ಪಾಲು ನೀರಿನ ಮೇಲ್ಮೈಯನ್ನು ದಾಟಲಾರದೆ ಒಳಗೇ ಪ್ರತಿಫಲಿಸಿ ಮತ್ತೆ ಡಾಂಬರಿಗೆ ಬೀಳುತ್ತದೆ. ಹಾಗೆ ಬಿದ್ದಾಗಲೆಲ್ಲ ಒಂದಷ್ಟು ಬೆಳಕನ್ನು ಡಾಂಬರು ಹೀರಿಕೊಳ್ಳುತ್ತದೆ. ಒದ್ದೆ ನೆಲ ಕಪ್ಪಾಗಿ ಕಾಣುವುದಕ್ಕೆ ಈ ಕಾರಣವನ್ನು ಸ್ವೀಡನ್ನಿನ ಆಂಗ್‌ಸ್ಟ್ರಾಮ್ 1925ರಲ್ಲೇ ಕೊಟ್ಟಿದ್ದರು. ಬೆಳಕಿನ ಅಲೆಯುದ್ದ ಅಳೆಯುವ ಮಾನಕ್ಕೆ ಯಾರ ಹೆಸರಿದೆಯೋ ಆ ಆಂಗ್‌ಸ್ಟ್ರಾಮ್ ಅವರ ಮೊಮ್ಮಗ ಇವರು.

ಎರಡನೆಯದು, ಹೊಳಪು. ನೀರು ಜಲ್ಲಿಯ ಒರಟುತನವನ್ನು ಮುಚ್ಚಿ ಸಮತಟ್ಟಾದ ಮೈಯೊಂದನ್ನು ಕೊಡುತ್ತದೆ, ಮತ್ತು ಆ ಮೈ ಎಷ್ಟು ಬೆಳಕನ್ನು ಪ್ರತಿಫಲಿಸುತ್ತದೆ ಎಂಬುದು ನಾವು ಎಷ್ಟು ಓರೆಯಾಗಿ ನೋಡುತ್ತೇವೆ ಎಂಬುದನ್ನು ಅವಲಂಬಿಸಿದೆ. ನೆಟ್ಟಗೆ ಮೇಲಿನಿಂದ ನೋಡಿದರೆ ನೀರು ಪ್ರತಿಫಲಿಸುವುದು ಬಿದ್ದ ಬೆಳಕಿನ ಶೇಕಡಾ 2ರಷ್ಟನ್ನು ಮಾತ್ರ. ಆದರೆ ಕಾರಿನ ಮುಂಗಾಜಿನ ಮೇಲ್ಭಾಗದಲ್ಲಿ, ನೆಲದಿಂದ ಸುಮಾರು 1.4 ಮೀಟರ್ ಎತ್ತರದಲ್ಲಿರುವ ಕ್ಯಾಮೆರಾ 20 ಮೀಟರ್ ಮುಂದಿನ ರಸ್ತೆಯನ್ನು ನೋಡುವಾಗ ಅದರ ನೋಟ ನೆಲಕ್ಕೆ ಕೇವಲ 4 ಡಿಗ್ರಿಯಷ್ಟು ಓರೆಯಾಗಿರುತ್ತದೆ. ಆ ಕೋನದಲ್ಲಿ ನೀರು ಮೂರರಲ್ಲಿ ಎರಡು ಪಾಲಿನಷ್ಟು ಬೆಳಕನ್ನು ಪ್ರತಿಫಲಿಸುತ್ತದೆ. ಹೀಗಾಗಿ ದೂರದ ನಿಂತ ನೀರಿನಲ್ಲಿ ಆಕಾಶ, ಮರ, ಎದುರಿನ ಲಾರಿ ತಲೆಕೆಳಗಾಗಿ ಕಾಣುತ್ತವೆ. ಹತ್ತಿರ ಹೋದಂತೆ ಅದೇ ನೀರಿನ ಕೆಸರು ಬಣ್ಣ ಹೊರಬೀಳುತ್ತದೆ. ದೂರ ಕಡಿಮೆಯಾದಂತೆ ಒಂದೇ ಜಾಗ ಹೀಗೆ ರೂಪ ಬದಲಿಸುವುದು ಒಣ ರಸ್ತೆಯಲ್ಲಿ ಆಗುವುದಿಲ್ಲವಾದ್ದರಿಂದ, ಒಂದು ಚಿತ್ರಕ್ಕಿಂತ ಬೆನ್ನುಬೆನ್ನಿಗೆ ತೆಗೆದ ಹತ್ತು ಚಿತ್ರಗಳು ಗಣಕಕ್ಕೆ ಹೆಚ್ಚು ಹೇಳುತ್ತವೆ.

ಇಷ್ಟೆಲ್ಲ ಇದ್ದರೂ ತಪ್ಪುವ ಸಂದರ್ಭಗಳು ನಿಮ್ಮ ದಾರಿಯಲ್ಲೇ ಸಾಕಷ್ಟಿವೆ. ಶಿರಾಡಿ ಘಾಟಿಯಲ್ಲಿ ಕಾಂಕ್ರೀಟ್ ಹಾಕಿದ ಭಾಗ ಒದ್ದೆಯಾದಾಗ ಅದರ ಬಣ್ಣ ಒಣಗಿದ ಹಳೆಯ ಡಾಂಬರಿನ ಬಣ್ಣಕ್ಕೆ ಹತ್ತಿರ ಬರುತ್ತದೆ. ಹಳೆಯ ರಸ್ತೆಯ ನಡುವೆ ಹೊಸದಾಗಿ ಹಾಕಿದ ಡಾಂಬರಿನ ತೇಪೆ, ಒಣಗಿದ್ದರೂ ಒದ್ದೆಯಂತೆ ಕಪ್ಪಾಗಿ ಕಾಣುತ್ತದೆ. ತೋಟದ ಅಂಚಿನ ಸಿಲ್ವರ್ ಓಕ್ ಮರಗಳ ನೆರಳು ರಸ್ತೆಗೆ ಅಡ್ಡಬಿದ್ದು ಎಡೆಯಲ್ಲಿ ಬಿಸಿಲು ಚುಕ್ಕೆಚುಕ್ಕೆಯಾಗಿ ಇಳಿದಿದ್ದರೆ, ನೆರಳಿನ ಕಪ್ಪು ತೇವದಂತೆಯೂ ಬಿಸಿಲ ಚುಕ್ಕೆ ನೀರಿನ ಹೊಳಪಿನಂತೆಯೂ ಕಾಣಬಹುದು. ಕಪ್ಪು, ಹೊಳಪು ಎಂದು ಎರಡೇ ನಿಯಮ ಬರೆದುಕೊಟ್ಟು ಗಣಕವನ್ನು ಬಿಟ್ಟರೆ ಇಂಥ ಕಡೆ ಅದು ಎಡವುವುದು ಖಂಡಿತ. ಆದುದರಿಂದ ಈಗಿನ ವ್ಯವಸ್ಥೆಗಳಲ್ಲಿ ನಿಯಮಗಳನ್ನು ಕೈಯಿಂದ ಬರೆಯುವುದಿಲ್ಲ. ಯಾವ ಭಾಗ ಒಣ, ಯಾವ ಭಾಗ ಒದ್ದೆ ಎಂದು ಮನುಷ್ಯರು ಗುರುತು ಹಾಕಿದ ಸಾವಿರಾರು ಚಿತ್ರಗಳನ್ನು ತೋರಿಸಿ ನರಜಾಲ ಎಂಬ ಬಗೆಯ ತಂತ್ರಾಂಶವನ್ನು ತರಬೇತುಗೊಳಿಸುತ್ತಾರೆ. ಜೊತೆಗೆ ವೈಪರ್ ಓಡುತ್ತಿದೆಯೇ, ಮುಂದಿನ ವಾಹನದ ಚಕ್ರ ನೀರು ಎರಚುತ್ತಿದೆಯೇ ಎಂಬ ಸುಳಿವುಗಳನ್ನೂ ತಾಳೆ ನೋಡಬಹುದು.

ಪ್ರಶ್ನೆ: ನಾನು ಸಕಲೇಶಪುರದಿಂದ ಮಂಗಳೂರು ಕಡೆಗೆ ಬಾಡಿಗೆ ಕಾರು ಓಡಿಸುತ್ತೇನೆ. ರಸ್ತೆಯಲ್ಲಿ ನಿಂತ ನೀರು ಎರಡು ಇಂಚಿನದೋ ಮೊಣಕಾಲುದ್ದದ ಗುಂಡಿಯೋ ಎಂದು ಎಷ್ಟೋ ಸಲ ನಮಗೇ ಗೊತ್ತಾಗುವುದಿಲ್ಲ. ಕ್ಯಾಮೆರಾಕ್ಕೆ ಗೊತ್ತಾಗುತ್ತದೆಯೇ?
— ಕಾರು ಚಾಲಕರು, ಸಕಲೇಶಪುರ

ಉತ್ತರ: ನೇರವಾಗಿ ಗೊತ್ತಾಗುವುದಿಲ್ಲ, ಮತ್ತು ಈ ವಿಷಯದ ಅಸಲು ಗಂಟು ಇರುವುದು ಇಲ್ಲಿಯೇ. ನೀರು ಇದೆ ಎಂದು ಹೇಳುವ ಕೆಲಸದಲ್ಲಿ ಕ್ಯಾಮೆರಾಗಳು ಬಹಳ ಮುಂದೆ ಬಂದಿವೆ. ಅದರ ಆಳ ಹೇಳುವ ಕೆಲಸದಲ್ಲಿ ಹಾಗೆ ಹೇಳಲು ಬರುವುದಿಲ್ಲ.

ಅಮೆರಿಕದ ನಾಸಾ ಸಂಸ್ಥೆಯ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಆರ್ಟುರೊ ರ‍್ಯಾಂಕಿನ್ ಮತ್ತು ಲ್ಯಾರಿ ಮ್ಯಾಥೀಸ್ ಅವರು ರಸ್ತೆಯಿಲ್ಲದ ನೆಲದಲ್ಲಿ ಓಡುವ ಚಾಲಕರಹಿತ ವಾಹನಗಳಿಗಾಗಿ ಈ ಶತಮಾನದ ಮೊದಲ ದಶಕದಲ್ಲೇ ನೀರು ಪತ್ತೆಹಚ್ಚುವ ಕೆಲಸ ಮಾಡಿದ್ದರು. ಅವರು ಬಳಸಿಕೊಂಡ ಸುಳಿವುಗಳಲ್ಲಿ ಒಂದು ವಿಚಿತ್ರವಾದುದು. ನಮ್ಮ ಎರಡು ಕಣ್ಣುಗಳಂತೆ ಅಕ್ಕಪಕ್ಕದಲ್ಲಿಟ್ಟ ಎರಡು ಕ್ಯಾಮೆರಾಗಳು ಒಂದೇ ವಸ್ತುವನ್ನು ನೋಡಿ ಅದರ ದೂರವನ್ನು ಲೆಕ್ಕಹಾಕುತ್ತವೆ. ಆದರೆ ನಿಂತ ನೀರಿನಲ್ಲಿ ಅವಕ್ಕೆ ಕಾಣುವುದು ನೀರಿನ ಮೈಯಲ್ಲ, ಅದರಲ್ಲಿ ಮೂಡಿದ ಮರದ ಬಿಂಬ. ಬಿಂಬದ ದೂರವನ್ನು ಲೆಕ್ಕಹಾಕಿದಾಗ ಆ ಮರ ನೆಲದಿಂದ ಎಷ್ಟು ಮೇಲಿದೆಯೋ ಅಷ್ಟೇ ಕೆಳಗೆ ಇರುವಂತೆ ಉತ್ತರ ಬರುತ್ತದೆ. ಹತ್ತು ಮೀಟರಿನ ಮರ ಬಿಂಬಿಸಿದ ಎರಡು ಇಂಚಿನ ನೀರು ಹೀಗೆ ಗಣಕದ ಲೆಕ್ಕದಲ್ಲಿ ಹತ್ತು ಮೀಟರಿನ ಕಂದಕವಾಗುತ್ತದೆ. ರಸ್ತೆಯ ನಡುವೆ ಅಂಥ ಕಂದಕ ಇರಲಾರದು ಎಂಬ ತರ್ಕದಿಂದ, ನೆಲದ ಕೆಳಗೆ ಬಿಂದುಗಳು ಕಂಡಲ್ಲಿ ನೀರಿದೆ ಎಂದು ತೀರ್ಮಾನಿಸಬಹುದು. ನೀರಿರುವುದು ಇದರಿಂದ ಗೊತ್ತಾಯಿತು, ಆಳ ಮಾತ್ರ ಗೊತ್ತಾಗಲಿಲ್ಲ. ಲೈಡಾರ್‌ನ ಪಾಡೂ ಬೇರೆಯಲ್ಲ: ಅದು ಕಳಿಸಿದ ಲೇಸರ್ ಕಿರಣ ನೀರಿನ ಮೇಲಿಂದ ಮುಂದಕ್ಕೆ ಜಾರಿ ಹೋಗಿ ವಾಪಸು ಬರದಿರುವುದರಿಂದ ಆ ಜಾಗ ಖಾಲಿಯಾಗಿ ಉಳಿಯುತ್ತದೆ.

ಆಳವನ್ನು ಬಳಸುದಾರಿಯಿಂದ ಅಂದಾಜು ಮಾಡಬಹುದು. ನನಗೆ ಹೆಚ್ಚು ಭರವಸೆ ಇರುವುದು ಬೇಸಿಗೆಯಲ್ಲಿ ಅಳೆದಿಟ್ಟ ರಸ್ತೆಯ ಏರುತಗ್ಗಿನ ನಕ್ಷೆಯ ಮೇಲೆ. ನಿಂತ ನೀರಿನ ಮೇಲ್ಮೈ ಎಲ್ಲೆಡೆ ಒಂದೇ ಮಟ್ಟದಲ್ಲಿರುತ್ತದೆಯಾದ್ದರಿಂದ, ನೀರಿನ ಅಂಚು ರಸ್ತೆಯ ಯಾವ ಬಿಂದುವನ್ನು ಮುಟ್ಟಿದೆ ಎಂಬುದನ್ನು ಕ್ಯಾಮೆರಾ ಗುರುತಿಸಿದರೆ ಸಾಕು. ಆ ಬಿಂದುವಿನ ಎತ್ತರವೇ ನೀರಿನ ಮಟ್ಟ, ಅದರಿಂದ ಒಣ ರಸ್ತೆಯ ಎತ್ತರವನ್ನು ಕಳೆದರೆ ಎಲ್ಲೆಲ್ಲಿ ಎಷ್ಟು ಆಳ ಎಂಬುದು ಬರುತ್ತದೆ. ತಗ್ಗಿನ ಮೋರಿಗಳ ಮೇಲೆ, ರೈಲ್ವೆ ಕೆಳಸೇತುವೆಗಳಲ್ಲಿ ಈ ಲೆಕ್ಕ ಚೆನ್ನಾಗಿ ಕೂರುತ್ತದೆ. ನಿನ್ನೆ ರಾತ್ರಿಯ ಮಳೆಗೆ ಕಿತ್ತುಬಂದ ಗುಂಡಿ ಮಾತ್ರ ಬೇಸಿಗೆಯ ನಕ್ಷೆಯಲ್ಲಿ ಇರುವುದಿಲ್ಲ, ಮತ್ತು ನೀವು ಹೇಳುತ್ತಿರುವುದು ಬಹುಶಃ ಅಂಥ ಗುಂಡಿಯನ್ನೇ.

ಎರಡನೆಯ ದಾರಿಯನ್ನು ನೀವು ದಿನವೂ ಬಳಸುತ್ತಿರಬೇಕು: ಅನುಮಾನದ ನೀರು ಕಂಡಲ್ಲಿ ಗಾಡಿ ನಿಧಾನ ಮಾಡಿ, ಮುಂದಿನ ಬಸ್ಸಿನ ಚಕ್ರ ಎಷ್ಟು ಮುಳುಗಿತು ಎಂದು ನೋಡುವುದು. ಬಸ್ಸು, ಲಾರಿ, ಕಾರುಗಳ ಚಕ್ರದ ಅಳತೆ ಹೆಚ್ಚುಕಡಿಮೆ ನಿಗದಿಯಾಗಿರುವುದರಿಂದ ಮುಳುಗಿದ ಭಾಗವನ್ನು ಅಳೆಯುವುದು ಕ್ಯಾಮೆರಾಕ್ಕೆ ಕಷ್ಟವಲ್ಲ; ಆ ವಾಹನ ಎಷ್ಟು ವಾಲಿತು ಎಂಬುದೂ ಒಂದು ಅಳತೆಯೇ. ಲ್ಯಾಂಡ್ ರೋವರ್ ಕಂಪನಿಯ ಕೆಲವು ಕಾರುಗಳಲ್ಲಿ ಪಕ್ಕದ ಕನ್ನಡಿಗಳ ಕೆಳಗೆ ಅಲ್ಟ್ರಾಸೌಂಡ್ ಸೆನ್ಸರ್ ಇಟ್ಟು ನೀರಿನ ಆಳ ತೋರಿಸುವ ವ್ಯವಸ್ಥೆ ಇದೆ, ಆದರೆ ಅದು ಅಳೆಯುವುದು ಕಾರು ನೀರಿಗೆ ಇಳಿದ ಮೇಲೆ.

ಇವ್ಯಾವುವೂ ಸಿಗದಿದ್ದಾಗ ಕಾರು ಏನು ಮಾಡಬೇಕು? ಆಳ ತಿಳಿಯದ ನೀರನ್ನು ಆಳವಾದ ನೀರೆಂದೇ ಎಣಿಸಿ ವೇಗ ಇಳಿಸಬೇಕು ಎಂಬುದು ನನ್ನ ಅಭಿಪ್ರಾಯ. ತಪ್ಪಿಸಲು ಹಠಾತ್ತಾಗಿ ಬಲಕ್ಕೆ ಎಳೆದರೆ ಘಾಟಿಯ ತಿರುವಿನಲ್ಲಿ ಎದುರಿನಿಂದ ಬರುವ ಟ್ಯಾಂಕರ್ ಗುಂಡಿಗಿಂತ ದೊಡ್ಡ ಅಪಾಯ. ಹೀಗೆ ಮಾಡಿದ ಕಾರು ಮಳೆಗಾಲದಲ್ಲಿ ಆಮೆಯಾಗುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ ಎಂಬುದು ನಿಜ. ಅದನ್ನು ಒಪ್ಪಿಕೊಳ್ಳದೆ ಬೇರೆ ಉಪಾಯ ನನಗೆ ಕಾಣುತ್ತಿಲ್ಲ.

ಪ್ರಶ್ನೆ: ಕೂಲಿಂಗ್ ಗ್ಲಾಸ್‌ಗಳಲ್ಲಿರುವಂತೆ ಪೋಲರೈಸಿಂಗ್ ಫಿಲ್ಟರ್ ಹಾಕಿದ ಕ್ಯಾಮೆರಾದಿಂದ ನೀರನ್ನು ಸುಲಭವಾಗಿ ಪತ್ತೆಹಚ್ಚಬಹುದು ಎಂದು ಓದಿದ್ದೇನೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಇದನ್ನು ತೆಗೆದುಕೊಳ್ಳಬಹುದೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಖಂಡಿತ ತೆಗೆದುಕೊಳ್ಳಿ, ಆದರೆ ಮೊದಲು ಒಂದು ಕೋನದ ಲೆಕ್ಕ ಮಾಡಿಕೊಳ್ಳಿ. ನೀರಿನಿಂದ ಪ್ರತಿಫಲಿಸಿದ ಬೆಳಕಿನ ಕಂಪನ ಅಡ್ಡ ದಿಕ್ಕಿಗೆ ಹೆಚ್ಚಾಗಿ ಇರುತ್ತದೆ, ಅಂದರೆ ಅದು ಧ್ರುವೀಕರಣಗೊಂಡಿರುತ್ತದೆ. ಒಣ ಡಾಂಬರಿನಿಂದ ಚದುರಿದ ಬೆಳಕಿನಲ್ಲಿ ಈ ಗುಣ ಬಹಳ ಕಡಿಮೆ. ಫಿಲ್ಟರನ್ನು ಬೇರೆಬೇರೆ ಕೋನಕ್ಕೆ ತಿರುಗಿಸಿ ತೆಗೆದ ಚಿತ್ರಗಳನ್ನು ಹೋಲಿಸಿದರೆ ನೀರಿರುವ ಜಾಗ ಎದ್ದು ಕಾಣುವುದು ಇದರಿಂದಲೇ. ಆದರೆ ಈ ಪರಿಣಾಮ ಅತಿ ಹೆಚ್ಚಾಗಿರುವುದು ಬ್ರೂಸ್ಟರ್ ಕೋನದಲ್ಲಿ, ಅಂದರೆ ನೀರಿಗೆ ಲಂಬವಾದ ಗೆರೆಯಿಂದ 53 ಡಿಗ್ರಿಯಲ್ಲಿ. 1.4 ಮೀಟರ್ ಎತ್ತರದ ಕ್ಯಾಮೆರಾಕ್ಕೆ ಆ ಕೋನ ಸಿಗುವುದು ಎರಡು ಮೀಟರಿಗಿಂತ ಕಡಿಮೆ ದೂರದಲ್ಲಿ, ಮತ್ತು ಆ ಜಾಗ ಕಾರಿನಲ್ಲಿ ಬಹುಪಾಲು ಬಾನೆಟ್ಟಿನ ಮರೆಯಲ್ಲೇ ಇರುತ್ತದೆ. 10 ಮೀಟರ್ ದೂರಕ್ಕೆ ಹೋದಾಗ ಪ್ರತಿಫಲಿತ ಬೆಳಕಿನ ಧ್ರುವೀಕರಣ ಸುಮಾರು ಶೇಕಡಾ 25ಕ್ಕೆ ಇಳಿಯುತ್ತದೆ, 20 ಮೀಟರಿನಲ್ಲಿ ಶೇಕಡಾ 12ರ ಆಸುಪಾಸಿಗೆ. ಫ್ರೆನೆಲ್ ಸಮೀಕರಣಗಳನ್ನು ಬಳಸಿ, ನೀರಿನ ವಕ್ರೀಭವನ ಸೂಚ್ಯಂಕ 1.33 ಎಂದು ಹಿಡಿದು ಇದನ್ನು ನೀವೇ ಲೆಕ್ಕಹಾಕಿ ನೋಡಬಹುದು. ಪ್ರಾಜೆಕ್ಟ್ ವರದಿಯ ಮೊದಲ ಅಧ್ಯಾಯಕ್ಕೆ ಅದು ಒಳ್ಳೆಯ ಆರಂಭ.

ಆಕಾಶದ ವಿಷಯವನ್ನೂ ಮರೆಯಬೇಡಿ. ನೀಲಿ ಆಕಾಶದ ಬೆಳಕು ತಾನೇ ಧ್ರುವೀಕರಣಗೊಂಡಿರುವುದರಿಂದ, ಸೂರ್ಯ ಎಲ್ಲಿದ್ದಾನೆ ಎಂಬುದರ ಮೇಲೆ ನಿಮ್ಮ ಅಳತೆ ಏರುಪೇರಾಗುತ್ತದೆ. ಮೋಡ ಮುಚ್ಚಿದ ದಿನ ಈ ಗೊಂದಲ ಬಹಳಮಟ್ಟಿಗೆ ಇಲ್ಲ. ಹಾಗಾಗಿ ನಿಮ್ಮ ಊರಿನ ಜುಲೈ ತಿಂಗಳು ಈ ಪ್ರಯೋಗಕ್ಕೆ ಹೇಳಿ ಮಾಡಿಸಿದ್ದು.

ಸೋನಿ ಕಂಪನಿ ತಯಾರಿಸುವ ಒಂದು ಬಗೆಯ ಸೆನ್ಸರ್‌ನಲ್ಲಿ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳ ಮೇಲೆ 0, 45, 90 ಮತ್ತು 135 ಡಿಗ್ರಿಯ ಸೂಕ್ಷ್ಮ ಫಿಲ್ಟರ್‌ಗಳನ್ನು ಕೂರಿಸಿರುವುದರಿಂದ ಒಂದೇ ಚಿತ್ರದಲ್ಲಿ ನಾಲ್ಕೂ ಅಳತೆ ಸಿಗುತ್ತವೆ. ಅದು ದುಬಾರಿ. ನೀವು ಸಾಧಾರಣ ಕ್ಯಾಮೆರಾದ ಮುಂದೆ ಫಿಲ್ಟರನ್ನು ಕೈಯಿಂದ ತಿರುಗಿಸಿ, ನಿಂತಲ್ಲೇ ನಿಂತು ಚಿತ್ರ ತೆಗೆದರೂ ತತ್ವ ಸಿದ್ಧವಾಗುತ್ತದೆ. ಯಾವ ಫಿಲ್ಟರಾದರೂ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ತಿಂದುಹಾಕುತ್ತದೆ ಎಂಬುದರಿಂದ ರಾತ್ರಿಯ ಬಳಕೆಗೆ ಇದು ಒಗ್ಗುವುದು ಕಷ್ಟ ಎಂಬುದನ್ನು ವರದಿಯಲ್ಲಿ ಮುಚ್ಚಿಡದೆ ಬರೆಯಿರಿ.

ಪ್ರಶ್ನೆ: ನಮ್ಮ ಕಡೆ ಮಳೆಗಿಂತ ಬಿಸಿಲೇ ಹೆಚ್ಚು. ಏಪ್ರಿಲ್ ಮಧ್ಯಾಹ್ನ ಹೆದ್ದಾರಿಯಲ್ಲಿ ದೂರಕ್ಕೆ ನೀರು ನಿಂತಂತೆ ಕಾಣುವ ಬಿಸಿಲ್ಗುದುರೆಯನ್ನು ನೋಡಿ ಕಾರು ಬ್ರೇಕ್ ಹಾಕಿಬಿಟ್ಟರೆ ಹಿಂದಿನವರ ಗತಿಯೇನು?
— ನಿವೃತ್ತ ಶಿಕ್ಷಕರು, ಅರಸೀಕೆರೆ

ಉತ್ತರ: ಒಂದೇ ಚಿತ್ರವನ್ನು ನಂಬುವ ಕಾರಾದರೆ ನಿಮ್ಮ ಭಯ ಸರಿ, ಏಕೆಂದರೆ ಬಿಸಿಲ್ಗುದುರೆಯಲ್ಲೂ ಆಕಾಶವೇ ನೆಲದ ಮೇಲೆ ಕಾಣುತ್ತದೆ. ಕಾದ ರಸ್ತೆಗೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ಬಿಸಿಯಾಗಿ ವಿರಳವಾಗಿರುವುದರಿಂದ, ನೆಲದತ್ತ ಇಳಿಯುತ್ತಿದ್ದ ಬೆಳಕು ಬಾಗಿ ಮೇಲಕ್ಕೆ ತಿರುಗಿ ನಮ್ಮ ಕಣ್ಣು ಸೇರುತ್ತದೆ. ಆದರೆ ಈ ಬಾಗು ಬಹಳ ಸಣ್ಣದು; ನೋಟ ನೆಲಕ್ಕೆ ಸುಮಾರು ಅರ್ಧ ಡಿಗ್ರಿಯಷ್ಟು ಓರೆಯಾಗಿದ್ದಾಗ ಮಾತ್ರ ಅದು ಕಾಣುತ್ತದೆ, ಮತ್ತು ಕಾರಿನ ಕ್ಯಾಮೆರಾದ ಎತ್ತರಕ್ಕೆ ಅರ್ಧ ಡಿಗ್ರಿ ಎಂದರೆ 160 ಮೀಟರ್ ದೂರ. ಕಾರು ಮುಂದೆ ಹೋದಷ್ಟೂ ಅದು ಹಿಂದೆ ಸರಿಯುತ್ತದೆ. ನಿಜವಾದ ನೀರು ನಿಂತಲ್ಲೇ ಇದ್ದು ಕಾರಿಗೆ ಹತ್ತಿರವಾಗುತ್ತದೆ. ಕೆಲವು ಸೆಕೆಂಡುಗಳ ಕಾಲ ಅದೇ ಜಾಗವನ್ನು ಹಿಂಬಾಲಿಸಿ ನೋಡುವ ತಂತ್ರಾಂಶಕ್ಕೆ ಇವೆರಡರ ವ್ಯತ್ಯಾಸ ಸುಲಭವಾಗಿ ಸಿಗುತ್ತದೆ, ಮತ್ತು 160 ಮೀಟರ್ ದೂರದ ವಸ್ತುವಿಗೆ ಆ ಕ್ಷಣವೇ ಬ್ರೇಕ್ ಹಾಕುವ ಅಗತ್ಯವೂ ಇಲ್ಲ.

ಪ್ರಶ್ನೆ: ರಾತ್ರಿ ಮಳೆಯಲ್ಲಿ ಚಾರ್ಮಾಡಿ ಇಳಿಯುವಾಗ ಬಿಳಿ ಗೆರೆಯೂ ಕಾಣುವುದಿಲ್ಲ, ರಸ್ತೆಯೂ ಕಾಣುವುದಿಲ್ಲ. ಇದು ನನ್ನ ಕಣ್ಣಿನ ದೋಷವೋ, ಅಥವಾ ಕ್ಯಾಮೆರಾಕ್ಕೂ ಹೀಗೆಯೋ?
— ಗೃಹಿಣಿ, ಕೊಟ್ಟಿಗೆಹಾರ

ಉತ್ತರ: ಕಣ್ಣನ್ನು ಒಮ್ಮೆ ಪರೀಕ್ಷಿಸಿಕೊಂಡರೆ ಒಳ್ಳೆಯದೇ, ಆದರೆ ನೀವು ಹೇಳಿದ ತೊಂದರೆ ಕ್ಯಾಮೆರಾಕ್ಕೂ ಅಷ್ಟೇ ಇದೆ. ಒಣ ರಸ್ತೆ ನಿಮ್ಮ ಹೆಡ್‌ಲೈಟಿನ ಬೆಳಕನ್ನು ಚದುರಿಸಿ ಒಂದಷ್ಟನ್ನು ನಿಮ್ಮ ಕಡೆಗೇ ಮರಳಿಸುತ್ತದೆ; ಒದ್ದೆ ರಸ್ತೆ ಅದನ್ನು ಮುಂದಕ್ಕೆ ಚಿಮ್ಮಿಸಿ ಎದುರಿನವರ ಕಣ್ಣಿಗೆ ಕೊಡುತ್ತದೆ. ನಿಮಗೆ ರಸ್ತೆ ಕಪ್ಪು, ಎದುರಿನವರಿಗೆ ಕಣ್ಣುಕುಕ್ಕುವ ಬೆಳಕು. ಬಿಳಿ ಗೆರೆಯ ಬಣ್ಣದಲ್ಲಿ ಸಣ್ಣ ಗಾಜಿನ ಮಣಿಗಳನ್ನು ಬೆರೆಸಿರುತ್ತಾರೆ. ಬಂದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವುದು ಅವುಗಳ ಕೆಲಸ. ಅವುಗಳ ಮೇಲೆ ನೀರಿನ ಪದರ ಬಂದಾಗ ಬೆಳಕು ಮಣಿಯ ಒಳಹೋಗುವ ಬಗೆಯೇ ಬದಲಾಗಿ ಆ ಕೆಲಸ ನಿಂತುಹೋಗುತ್ತದೆ. ನೀರಿಗಿಂತ ಮೇಲೆದ್ದು ನಿಲ್ಲುವಂತೆ ರಸ್ತೆಗೆ ಹೊಡೆದ ಸ್ಟಡ್‌ಗಳು ಮಾತ್ರ ಮಳೆಯಲ್ಲೂ ಮಿನುಗುತ್ತವೆ, ಮತ್ತು ಘಾಟಿಗಳಲ್ಲಿ ಅವು ಮನುಷ್ಯರಿಗೂ ಯಂತ್ರಗಳಿಗೂ ಸಮಾನವಾಗಿ ಉಪಯುಕ್ತ.

ಎದುರಿನ ವಾಹನದ ದೀಪ ಒದ್ದೆ ರಸ್ತೆಯಲ್ಲಿ ಉದ್ದನೆಯ ಗೆರೆಯಾಗಿ ನಮ್ಮತ್ತ ಚಾಚಿಕೊಂಡಂತೆ ಕಾಣುವುದನ್ನು ನೀವು ಗಮನಿಸಿರಬಹುದು. ಕ್ಯಾಮೆರಾಕ್ಕೆ ಅದು ತೊಂದರೆಯೂ ಹೌದು, ಸುಳಿವೂ ಹೌದು: ಆ ಪ್ರಖರತೆಯ ಪಕ್ಕದಲ್ಲಿ ನಡೆದುಹೋಗುವ ಮನುಷ್ಯ ಚಿತ್ರದಲ್ಲಿ ಅಳಿಸಿಹೋಗಬಹುದು, ಆದರೆ ಗೆರೆ ಉದ್ದವಾಗಿದೆ ಎಂಬುದರಿಂದಲೇ ರಸ್ತೆ ಒದ್ದೆಯೆಂದು ತಿಳಿಯುತ್ತದೆ. ಮಂಜು ಸೇರಿಕೊಂಡರೆ ಈ ಸುಳಿವೂ ಮಸುಕಾಗುತ್ತದೆ. ವಾಹನಗಳ ರಾಡಾರ್ 77 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು ಬಳಸುವುದರಿಂದ ಮಂಜಿನ ಆಚೆಗಿನ ಲಾರಿಯನ್ನು ಅದು ತೋರಿಸಬಲ್ಲದು. ಆದರೆ ರಸ್ತೆಯ ಮೇಲಿನ ನೀರನ್ನು ತೋರಿಸುವ ಕೆಲಸಕ್ಕೆ ಅದನ್ನು ನಂಬುವಂತಿಲ್ಲ.

ಪ್ರಶ್ನೆ: ಹೆದ್ದಾರಿಯಲ್ಲಿ ಜೋರು ಮಳೆಯಲ್ಲಿ ಕಾರು ಒಮ್ಮೆ ತೇಲಿದಂತಾಗಿ ಸ್ಟೇರಿಂಗ್ ಹಗುರವಾಯಿತು. ಹೀಗಾಗುವುದನ್ನು ಕ್ಯಾಮೆರಾ ಮೊದಲೇ ಹೇಳಬಲ್ಲದೇ?
— ವ್ಯಾಪಾರಿ, ಬೇಲೂರು

ಉತ್ತರ: ಟಯರ್ ತನ್ನ ಮುಂದಿನ ನೀರನ್ನು ಮೈಮೇಲಿನ ಕಾಲುವೆಗಳ ಮೂಲಕ ಹೊರಕ್ಕೆ ತಳ್ಳುವುದಕ್ಕಿಂತ ಬೇಗ ನೀರಿನ ಮೇಲೆ ಏರಿಬಿಟ್ಟಾಗ ಹೀಗಾಗುತ್ತದೆ, ಟಯರಿಗೂ ರಸ್ತೆಗೂ ಸಂಪರ್ಕವೇ ಇರುವುದಿಲ್ಲ. ನಾಸಾದ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು ವಿಮಾನದ ಚಕ್ರಗಳನ್ನು ಕುರಿತು ನಡೆಸಿದ ಅಧ್ಯಯನದಿಂದ 1963ರಲ್ಲಿ ಒಂದು ಸರಳ ಸೂತ್ರ ಬಂದಿತು: ಟಯರಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ತೇಲುವ ವೇಗ ಹೆಚ್ಚುತ್ತದೆ. ಕಾರಿನ ಟಯರಿನಲ್ಲಿ 32 ಪಿಎಸ್‌ಐ ಗಾಳಿ ಇದ್ದರೆ ಆ ವೇಗ ಗಂಟೆಗೆ ಸುಮಾರು 94 ಕಿ.ಮೀ.; ಗಾಳಿ 25ಕ್ಕೆ ಇಳಿದಿದ್ದರೆ 83 ಕಿ.ಮೀ. ಟಯರ್ ಸವೆದು ನುಣುಪಾದಾಗ ಅಥವಾ ನೀರು ಟಯರಿನ ಕಾಲುವೆಗಳಿಗಿಂತ ಆಳವಾಗಿದ್ದಾಗ ಈ ಲೆಕ್ಕ ಅನ್ವಯಿಸುತ್ತದೆ. ಹಾಸನದಿಂದ ಬೆಂಗಳೂರಿನ ಕಡೆಗೆ ನಾಲ್ಕು ಪಥದ ರಸ್ತೆಯಲ್ಲಿ ಎಷ್ಟು ಜನ ಮಳೆಯಲ್ಲೂ ಇದಕ್ಕಿಂತ ವೇಗವಾಗಿ ಹೋಗುತ್ತಾರೆ ಎಂಬುದನ್ನು ನೀವೇ ನೋಡಿದ್ದೀರಿ.

ತೇಲುವುದಕ್ಕೆ ಕೆಲವೇ ಮಿಲಿಮೀಟರ್ ನೀರು ಸಾಕು, ಮತ್ತು ಎರಡು ಮಿಲಿಮೀಟರಿಗೂ ನಾಲ್ಕು ಮಿಲಿಮೀಟರಿಗೂ ಇರುವ ವ್ಯತ್ಯಾಸ 50 ಮೀಟರ್ ದೂರದಿಂದ ಚಿತ್ರದಲ್ಲಿ ಕಾಣುವಂಥದ್ದಲ್ಲ. ಅದಕ್ಕಾಗಿ ಅಂಕಿಯ ಬದಲು ದರ್ಜೆಗಳನ್ನು ಹೇಳುವಂತೆ ತಂತ್ರಾಂಶವನ್ನು ತರಬೇತುಗೊಳಿಸುವ ಪ್ರಯತ್ನಗಳಿವೆ. ಜರ್ಮನಿಯ ಸಂಶೋಧಕರು 2022ರಲ್ಲಿ ಪ್ರಕಟಿಸಿದ ರೋಡ್‌ಸಾ ಎಂಬ ಚಿತ್ರಸಂಗ್ರಹದಲ್ಲಿ ಡಾಂಬರು, ಕಾಂಕ್ರೀಟ್, ಕಲ್ಲುಹಾಸು ಈ ಮೂರನ್ನೂ ಒಣ, ತೇವ, ಒದ್ದೆ, ತೀರಾ ಒದ್ದೆ ಎಂದು ನಾಲ್ಕು ದರ್ಜೆಗಳಲ್ಲಿ ವಿಂಗಡಿಸಿ, ಪ್ರತಿ ಚಿತ್ರದ ಜೊತೆಗೆ ನೀರಿನ ಪದರದ ದಪ್ಪವನ್ನು ಸೆನ್ಸರ್‌ನಿಂದ ಅಳೆದು ದಾಖಲಿಸಿದ್ದಾರೆ. ಕ್ಯಾಮೆರಾವನ್ನೇ ನೆಚ್ಚದ ದಾರಿಯೂ ಇದೆ: ಪೋರ್ಷೆ 911 ಕಾರಿನ ಈಚಿನ ಮಾದರಿಯಲ್ಲಿ ಮುಂದಿನ ಚಕ್ರಗಳ ಹಿಂಬದಿಗೆ ಇಟ್ಟ ಸೆನ್ಸರ್‌ಗಳು ನೀರು ಎರಚುವ ಸದ್ದನ್ನು ಕೇಳಿಸಿಕೊಂಡು ರಸ್ತೆ ಒದ್ದೆಯೆಂದು ಚಾಲಕರಿಗೆ ತಿಳಿಸುತ್ತವೆ. ಚಕ್ರದ ಕೆಳಗಿನದನ್ನು ಕಿವಿ, ಮುಂದಿನದನ್ನು ಕಣ್ಣು ಹೇಳುವ ಇಂಥ ಜೋಡಣೆ ನನಗೆ ಬುದ್ಧಿವಂತಿಕೆಯದಾಗಿ ಕಾಣುತ್ತದೆ.

ತೇಲದಿದ್ದರೂ ಒದ್ದೆ ರಸ್ತೆ ಬ್ರೇಕಿನ ಲೆಕ್ಕವನ್ನು ಬದಲಿಸುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ, ಘರ್ಷಣಾಂಕ (ರಸ್ತೆಯ ಹಿಡಿತದ ಅಳತೆ) 0.75 ಇರುವ ಒಣ ಡಾಂಬರಿನಲ್ಲಿ ಬ್ರೇಕ್ ಹಿಡಿದ ಮೇಲೆ ಕಾರು ಸುಮಾರು 19 ಮೀಟರಿನಲ್ಲಿ ನಿಂತರೆ, ಘರ್ಷಣಾಂಕ 0.4ಕ್ಕೆ ಇಳಿದ ಒದ್ದೆ ರಸ್ತೆಯಲ್ಲಿ 35 ಮೀಟರ್ ಬೇಕು. ಬೇಸಿಗೆಯ ಧೂಳು, ಎಣ್ಣೆ ಕುಳಿತ ರಸ್ತೆಯ ಮೇಲೆ ಬೀಳುವ ಮೊದಲ ಹದ ಮಳೆಯ ಹೊತ್ತಿನಲ್ಲಿ ಜಾರಿಕೆ ಇನ್ನೂ ಹೆಚ್ಚು, ನೋಡಲು ಮಾತ್ರ ರಸ್ತೆ ಬರೀ ತೇವ. ಮುಂದಿನ ವಾಹನದಿಂದ ಎಷ್ಟು ಅಂತರ ಬಿಡಬೇಕೆಂದು ತೀರ್ಮಾನಿಸಲು ಒಣ, ಒದ್ದೆ ಎಂಬ ಒಂದು ಮಾತನ್ನು ಕ್ಯಾಮೆರಾ ಸರಿಯಾಗಿ ಹೇಳಿದರೂ ದೊಡ್ಡ ಉಪಕಾರ.

ಪ್ರಶ್ನೆ: ಹೊರದೇಶದ ರಸ್ತೆ ನೋಡಿ ಕಲಿತ ಕಾರಿಗೆ ನಮ್ಮ ಮಲೆನಾಡಿನ ಕೆಂಪು ನೀರು ಅರ್ಥವಾದೀತೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಇಲ್ಲಿ ಕಲಿಸದೆ ಅರ್ಥವಾಗುವುದಿಲ್ಲ. 2018ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನಿಂತ ನೀರಿನ ಸುಮಾರು ಒಂದು ಸಾವಿರ ಚಿತ್ರಗಳ ಸಂಗ್ರಹವೊಂದನ್ನು ಪ್ರಕಟಿಸಿ, ನೀರಿನಲ್ಲಿ ಕಾಣುವ ಬಿಂಬವನ್ನು ಅದೇ ಚಿತ್ರದಲ್ಲಿ ನೆಟ್ಟಗೆ ಮೇಲಿರುವ ವಸ್ತುವಿನೊಡನೆ ಹೋಲಿಸುವ ನರಜಾಲವನ್ನು ತೋರಿಸಿದರು. ಬಿಂಬ ಮೂಡುವ ನಿಯಮ ಎಲ್ಲ ದೇಶಕ್ಕೂ ಒಂದೇ ಆದ್ದರಿಂದ ಆ ಉಪಾಯ ಇಲ್ಲಿಗೂ ಬರುತ್ತದೆ. ಆದರೆ ಬಿಂಬ ಮೂಡಲು ನೀರು ನಿಶ್ಚಲವಾಗಿರಬೇಕು. ಚರಂಡಿ ಕಟ್ಟಿಕೊಂಡು ರಸ್ತೆಗೆ ನುಗ್ಗಿದ, ಧರೆಯ ಕೆಮ್ಮಣ್ಣನ್ನು ಹೊತ್ತು ಹರಿಯುವ ನೀರಿನಲ್ಲಿ ಬಿಂಬ ಒಡೆದುಹೋಗಿ, ಅದರ ಬಣ್ಣವೂ ರಸ್ತೆಬದಿಯ ಮಣ್ಣಿನ ಬಣ್ಣಕ್ಕೆ ಬೆರೆತು, ರಸ್ತೆ ಎಲ್ಲಿ ಮುಗಿಯಿತು ಎಂಬುದೇ ತಿಳಿಯದಂತಾಗುತ್ತದೆ. ಹೈದರಾಬಾದಿನ ಐಐಐಟಿ ಸಂಸ್ಥೆ ಹೈದರಾಬಾದ್, ಬೆಂಗಳೂರು ಮತ್ತು ಸುತ್ತಲಿನ ರಸ್ತೆಗಳ 10,000 ಚಿತ್ರಗಳಿಗೆ ಗುರುತು ಹಾಕಿ ಇಂಡಿಯಾ ಡ್ರೈವಿಂಗ್ ಡೇಟಾಸೆಟ್ ಎಂಬ ಸಂಗ್ರಹ ಮಾಡಿದೆ. ಮಳೆ, ಮಂಜು, ಮಬ್ಬು ಬೆಳಕು, ಹಿಮಗಳಲ್ಲಿ ತೆಗೆದ ಚಿತ್ರಗಳ ಇನ್ನೊಂದು ಸಂಗ್ರಹವೂ ಅಲ್ಲಿಂದಲೇ ಬಂದಿದೆ, ಅದರಲ್ಲಿ ಅವಕೆಂಪು ಬೆಳಕಿನ ಚಿತ್ರಗಳೂ ಜೋಡಿಯಾಗಿವೆ. ಘಾಟಿಯ ಮಳೆಗಾಲಕ್ಕೆ ಇಂಥ ಕೆಲಸ ಪ್ರತ್ಯೇಕವಾಗಿ ಆಗಬೇಕು, ಮತ್ತು ಅದನ್ನು ಮಾಡಲು ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಿಗಿಂತ ಸೂಕ್ತ ಜಾಗ ಬೇರೆಲ್ಲಿದೆ?

ಪ್ರಶ್ನೆ: ನನ್ನ ಹೊಸ ಕಾರಿನಲ್ಲಿ ಪಥ ತಪ್ಪದಂತೆ ಎಚ್ಚರಿಸುವ ವ್ಯವಸ್ಥೆ ಇದೆ. ಜೋರು ಮಳೆಯಲ್ಲಿ ‘ಕ್ಯಾಮೆರಾ ಲಭ್ಯವಿಲ್ಲ’ ಎಂಬಂಥ ಸಂದೇಶ ತೋರಿಸಿ ಅದು ತಾನೇ ನಿಂತುಬಿಡುತ್ತದೆ. ಕೆಟ್ಟಿದೆಯೇ?
— ಬ್ಯಾಂಕ್ ಉದ್ಯೋಗಿ, ಹಾಸನ

ಉತ್ತರ: ಮಳೆ ನಿಂತ ಮೇಲೆ ತಾನಾಗಿ ಮತ್ತೆ ಕೆಲಸ ಮಾಡುತ್ತಿದ್ದರೆ ಕೆಟ್ಟಿಲ್ಲ. ಗಾಜಿನ ಮೇಲಿನ ಪ್ರತಿ ಹನಿಯೂ ಒಂದು ಪುಟ್ಟ ಮಸೂರವಾಗಿ ಚಿತ್ರವನ್ನು ಕದಡುವುದರಿಂದ, ಗೆರೆಗಳು ನಂಬುವಷ್ಟು ಸ್ಪಷ್ಟವಾಗಿ ಕಾಣದಾಗ ವ್ಯವಸ್ಥೆ ಹಿಂದೆ ಸರಿಯುವಂತೆ ಅದನ್ನು ರೂಪಿಸಿರುತ್ತಾರೆ. ಕಾಣದಿದ್ದರೂ ಕಂಡಂತೆ ಸ್ಟೇರಿಂಗ್ ತಿರುಗಿಸುವ ಕಾರಿಗಿಂತ ಇದು ಮೇಲು. ಮುಂದಿನ ಕ್ಯಾಮೆರಾವನ್ನು ವೈಪರ್ ಒರೆಸುವ ಭಾಗದ ಹಿಂದೆಯೇ ಇಟ್ಟಿರುತ್ತಾರಾದ್ದರಿಂದ, ವೈಪರಿನ ರಬ್ಬರ್ ಸವೆದು ಗಾಜಿನ ಮೇಲೆ ನೀರಿನ ಗೆರೆಗಳನ್ನು ಉಳಿಸುತ್ತಿದ್ದರೆ ಮೊದಲು ಅದನ್ನು ಬದಲಿಸಿ. ಗಾಜಿನ ಒಳಭಾಗದಲ್ಲಿ, ಕ್ಯಾಮೆರಾದ ಮುಂದೆ, ಉಸಿರಿನ ಮಂಜು ಕೂತಿದ್ದರೂ ಇದೇ ಸಂದೇಶ ಬರುತ್ತದೆ. ಎಸಿಯ ಗಾಳಿಯನ್ನು ಗಾಜಿನತ್ತ ತಿರುಗಿಸಿದರೆ ಅದು ಆರುತ್ತದೆ. ಹಿಂದಿನ ಮತ್ತು ಪಕ್ಕದ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ ವೈಪರ್ ಇರುವುದಿಲ್ಲ, ಕೆಸರು ಹಾರಿದಾಗ ನೀವೇ ಒರೆಸಬೇಕು. ಅಮೆರಿಕದಲ್ಲಿ ಚಾಲಕರಿಲ್ಲದ ಟ್ಯಾಕ್ಸಿ ಓಡಿಸುವ ವೇಮೊ ಕಂಪನಿ ಈ ಕಾರಣಕ್ಕೇ ತನ್ನ ಸೆನ್ಸರ್‌ಗಳಿಗೆ ಪುಟ್ಟ ವೈಪರ್‌ಗಳನ್ನು ಅಳವಡಿಸಿದೆ.

ಬಿಸಿಲಿನಲ್ಲೂ ಅದೇ ಸಂದೇಶ ಬರತೊಡಗಿದರೆ ಅಥವಾ ಮುಂಗಾಜನ್ನು ಈಚೆಗೆ ಬದಲಿಸಿದ್ದರೆ ಸರ್ವಿಸ್ ಸೆಂಟರಿನಲ್ಲಿ ಕ್ಯಾಮೆರಾವನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿಸಿ, ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಗಾಜು ಕೂರಿಸಿದ ಕೋನ ಒಂದು ಡಿಗ್ರಿ ತಪ್ಪಿದರೂ 50 ಮೀಟರ್ ಮುಂದಿನ ಗೆರೆ ಕ್ಯಾಮೆರಾದ ಲೆಕ್ಕದಲ್ಲಿ ಸುಮಾರು 90 ಸೆಂಟಿಮೀಟರ್ ಆಚೆ ಸರಿದಿರುತ್ತದೆ.